ನಡುದಾರಿಯಲ್ಲಿ ಎಂಜಿನ್ ಕೈಕೊಟ್ಟಾಗ: ಹಳೆಯ ವಾಹನ ಕೊಂಡವರಿಗೆ ನಾಲ್ಕು ಮಾತು



ತೋಟಗಾರನ ಮನೆಗೆ ವಾಹನ ಇಂದು ಶೋಕಿಯ ವಸ್ತುವಲ್ಲ. ಗೊಬ್ಬರ ತರಲು, ಅಡಿಕೆಯನ್ನು ಮಂಡಿಗೆ ಒಯ್ಯಲು, ಕಾಫಿಯನ್ನು ಕ್ಯೂರಿಂಗ್ ವರ್ಕ್ಸಿಗೆ ಮುಟ್ಟಿಸಲು, ಕೆಲಸದವರನ್ನು ಕರೆತರಲು, ರಾತ್ರಿ ಹೊತ್ತು ಯಾರಿಗಾದರೂ ಕಾಯಿಲೆಯಾದರೆ ಆಸ್ಪತ್ರೆಗೆ ಓಡಲು ಅದು ಬೇಕೇ ಬೇಕು. ಆದರೆ ಎರಡು ಮೂರು ಎಕರೆಯ ನಮ್ಮಂಥ ಹಿಡುವಳಿದಾರರಿಗೆ ಹೊಸ ವಾಹನ ಕೈಗೆಟುಕುವ ಮಾತಲ್ಲ. ಹೀಗಾಗಿ ಮತ್ತೊಬ್ಬರ ಕೈಯಲ್ಲಿ ಹತ್ತು ಹದಿನೈದು ವರ್ಷ ದುಡಿದ ಜೀಪೋ ಕಾರೋ ನಮ್ಮ ಅಂಗಳಕ್ಕೆ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಒಂದಲ್ಲ ಒಂದು ದಿನ ದಾರಿಯಲ್ಲಿ ನಿಲ್ಲುತ್ತದೆ ಎಂಬುದನ್ನು ಒಪ್ಪಿಕೊಂಡೇ ಕೊಳ್ಳಬೇಕು. ನಿಂತ ದಿನ ಮೊದಲ ಐದು ನಿಮಿಷದಲ್ಲಿ ನಾವು ಏನು ಮಾಡುತ್ತೇವೆಯೋ ಅದರ ಮೇಲೆ ಖರ್ಚು ನೂರುಗಳಲ್ಲಿ ಮುಗಿಯುವುದೋ ಹತ್ತಾರು ಸಾವಿರಕ್ಕೆ ಏರುವುದೋ ನಿರ್ಧಾರವಾಗುತ್ತದೆ. ಇದು ನಾವು ಪುಸ್ತಕ ಓದಿ ಕಲಿತದ್ದಲ್ಲ, ಕೈ ಸುಟ್ಟುಕೊಂಡು ಕಲಿತದ್ದು.

ನಮಗೆ ಆದದ್ದು

ಯುಗಾದಿ ಕಳೆದ ಮೇಲೆ ನಾವೊಂದು ಹಳೆಯ ಡೀಸೆಲ್ ಜೀಪು ಕೊಂಡೆವು. ಬಣ್ಣ ಚೆನ್ನಾಗಿತ್ತು, ಟಯರು ಹೊಸದಾಗಿತ್ತು, ಎಂಜಿನ್ ಒಂದೇ ಸೆಲ್ಫಿಗೆ ಎದ್ದಿತು. ಮನೆಗೆ ತಂದು ಬಾನೆಟ್ ಎತ್ತಿದಾಗ ರೇಡಿಯೇಟರಿನ ಕೆಳಗಿನ ರಬ್ಬರ್ ಹೋಸ್ ಬೆರಳಿಗೆ ಮೆತ್ತಗೆ ಸಿಕ್ಕಿತು. ಕ್ಲಿಪ್ಪಿನ ಬಳಿ ಕೊಂಚ ಉಬ್ಬಿತ್ತು. "ಸೋರುತ್ತಿಲ್ಲವಲ್ಲ, ಮಳೆಗಾಲ ಕಳೆಯಲಿ, ನೋಡೋಣ" ಎಂದು ಬಾನೆಟ್ ಮುಚ್ಚಿದೆವು.

ಆಷಾಢದಲ್ಲಿ ಹಿಡಿದ ಮಳೆ ಒಂಬತ್ತನೇ ದಿನ ಹೊಳವಾಯಿತು. ಅಡಿಕೆಗೆ ಮೊದಲ ಸಲ ಮದ್ದು ಹೊಡೆದು ನಲವತ್ತು ದಿನ ದಾಟಿತ್ತು. ಕೊಳೆರೋಗಕ್ಕೆ ಎರಡನೇ ಸಿಂಪರಣೆ ಯಾವಾಗ ಬೇಕೆಂಬುದು ಓದುಗರಿಗೆ ನಾವು ಹೇಳಬೇಕಾದದ್ದಿಲ್ಲ. ಮರ ಹತ್ತುವವರು ಮರುದಿನ ಬೆಳಿಗ್ಗೆ ಬರಲು ಒಪ್ಪಿದ್ದರು. ನಾವು ಜೀಪು ತೆಗೆದುಕೊಂಡು ಕೊಪ್ಪಕ್ಕೆ ಹೋಗಿ ಮೈಲುತುತ್ತ, ಸುಣ್ಣ, ಅಂಟು ಎಲ್ಲ ಹೇರಿಕೊಂಡು ಹೊರಟೆವು.

ಮನೆಗೆ ನಾಲ್ಕು ಕಿಲೋಮೀಟರ್ ಇದೆ ಎನ್ನುವಾಗ ಏರು ಶುರುವಾಗುತ್ತದೆ. ಅಲ್ಲಿ ಉಷ್ಣತೆಯ ಮುಳ್ಳು ಮೇಲೇರಿ ಕೆಂಪು ಗೆರೆ ಮುಟ್ಟಿತು. ಏನೋ ಸಿಹಿಯಾದ ವಾಸನೆಯೂ ಬಂತು. ಜೊತೆಯಲ್ಲಿದ್ದ ತಮ್ಮ, "ಅಣ್ಣಾ, ನಿಲ್ಲಿಸೋಣ" ಎಂದ. ಹೊತ್ತು ಮುಳುಗುತ್ತಿತ್ತು, ಮೋಡ ಮತ್ತೆ ಕವಿಯುತ್ತಿತ್ತು, ಮನೆ ಹತ್ತಿರವಿತ್ತು. ನಾವು ನಿಲ್ಲಿಸಲಿಲ್ಲ. ಇನ್ನರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮುಳ್ಳು ತಾನಾಗಿಯೇ ಕೆಳಗಿಳಿಯಿತು. "ನೋಡು, ಸರಿಹೋಯಿತು" ಎಂದು ನಾವೇ ಹೇಳಿದೆವು. ಮತ್ತೂ ಒಂದು ಕಿಲೋಮೀಟರ್ ಓಡಿದ ಎಂಜಿನ್ ಕಟಕಟ ಸದ್ದು ಮಾಡಿ ಶಕ್ತಿ ಕಳೆದುಕೊಂಡು ನಿಂತೇಹೋಯಿತು.

ಮರುದಿನ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಹೇಳಿದ ಮಾತು ಇದು: "ಹೆಗ್ಡೇರೇ, ಮುಳ್ಳು ಇಳಿದದ್ದು ನೀರು ತಣ್ಣಗಾಗಿ ಅಲ್ಲ. ನೀರೇ ಇಲ್ಲದೆ."

ಒಡೆದದ್ದು ಅದೇ ಕೆಳಗಿನ ಹೋಸ್. ಅದರ ಬೆಲೆ ಕೆಲವು ನೂರು ರೂಪಾಯಿ. ಹೆಡ್ಡು ಬಾಗಿ, ಗ್ಯಾಸ್ಕೆಟ್ ಸುಟ್ಟು, ಒಂದು ಪಿಸ್ಟನ್ ಗೀರಿ ಕೊನೆಗೆ ನಮಗೆ ಬಿದ್ದ ಖರ್ಚು ಮೂವತ್ತು ಸಾವಿರದ ಮೇಲೆ. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿತ್ತು. ಮೈಲುತುತ್ತ ಜೀಪಿನಲ್ಲೇ ಉಳಿಯಿತು, ಬೆಳಿಗ್ಗೆ ಬಂದ ಕೆಲಸದವರು ಕಾದು ಇನ್ನೊಬ್ಬರ ತೋಟಕ್ಕೆ ಹೋದರು, ಮಧ್ಯಾಹ್ನದ ಮೇಲೆ ಮಳೆ ಹಿಡಿದು ಹನ್ನೊಂದು ದಿನ ಬಿಡಲಿಲ್ಲ. ಕೆಳಗಿನ ಹೊಂಡದ ತೋಟದಲ್ಲಿ ಉದುರಿದ ಎಳೆಗಾಯಿಯನ್ನು ಬುಟ್ಟಿಯಲ್ಲಿ ಹೆಕ್ಕಿದ್ದೇವೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದ ಹಾಗಾಯಿತು.

ಒಳಗೆ ಏನಾಗುತ್ತದೆ?

ಎಂಜಿನ್ನಿನಲ್ಲಿ ಸುಡುವ ಎಣ್ಣೆಯ ಶಾಖದಲ್ಲಿ ಒಂದು ಪಾಲು ಮಾತ್ರ ಚಕ್ರ ತಿರುಗಿಸುತ್ತದೆ. ಉಳಿದದ್ದು ಹೊಗೆಯ ಜೊತೆಗೂ ರೇಡಿಯೇಟರಿನ ನೀರಿನ ಮೂಲಕವೂ ಹೊರಗೆ ಹೋಗಬೇಕು. ನೀರು ಪಂಪಿನಿಂದ ಎಂಜಿನ್ ಸುತ್ತ ಹರಿದು, ರೇಡಿಯೇಟರಿನಲ್ಲಿ ತಣಿದು, ಕೆಳಗಿನ ಹೋಸಿನ ಮೂಲಕ ಮರಳಿ ಬರುತ್ತದೆ. ಈ ಸುತ್ತು ಎಲ್ಲಿ ಕಡಿದರೂ ಶಾಖ ಒಳಗೇ ಉಳಿಯುತ್ತದೆ.

ಸಮುದ್ರಮಟ್ಟದಲ್ಲಿ ಬರೀ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 97 ಡಿಗ್ರಿಗೇ ಕುದಿ ಬರುತ್ತದೆ. ಅದಕ್ಕಾಗಿ ರೇಡಿಯೇಟರಿನ ಮುಚ್ಚಳದಲ್ಲಿ ಸ್ಪ್ರಿಂಗ್ ಇಟ್ಟಿರುತ್ತಾರೆ. ಅದು ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಸುಮಾರು 20 ಡಿಗ್ರಿಯಷ್ಟು ಮೇಲಕ್ಕೆ ತಳ್ಳುತ್ತದೆ. ಪ್ರೆಶರ್ ಕುಕ್ಕರಿನ ನ್ಯಾಯವೇ ಇದು. ಬಿಸಿಯಿದ್ದಾಗ ಮುಚ್ಚಳ ತೆರೆದರೆ ಒತ್ತಡ ಒಮ್ಮೆಗೇ ಇಳಿದು ನೀರೆಲ್ಲ ಭುಗ್ಗನೆ ಉಗಿಯಾಗಿ ಮುಖಕ್ಕೆ ಹಾರುತ್ತದೆ. ಮುಚ್ಚಳದ ವಾಷರ್ ಹಾಳಾಗಿದ್ದರೆ ಒತ್ತಡವೇ ನಿಲ್ಲದೆ ಏರಿನಲ್ಲಿ ನೀರು ಬೇಗ ಕುದಿಯುತ್ತದೆ. ಈ ಚಿಕ್ಕ ಮುಚ್ಚಳವನ್ನು ಹಳೆಯ ವಾಹನ ಕೊಂಡವರು ಯಾರೂ ಬದಲಿಸುವುದಿಲ್ಲ.

ಇನ್ನು ಹೆಡ್ಡಿನ ವಿಷಯ. ಅನೇಕ ಎಂಜಿನ್‌ಗಳಲ್ಲಿ ಹೆಡ್ಡು ಅಲ್ಯೂಮಿನಿಯಂ, ಕೆಳಗಿನ ಬ್ಲಾಕ್ ಬೀಡುಕಬ್ಬಿಣ. ನಮ್ಮದೂ ಹಾಗೆಯೇ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 40 ಸೆಂಟಿಮೀಟರ್ ಉದ್ದದ ಹೆಡ್ಡು 100 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.9 ಮಿಲಿಮೀಟರ್ ಹಿಗ್ಗಲು ನೋಡುತ್ತದೆ, ಕೆಳಗಿನ ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಬೋಲ್ಟುಗಳು ಬಿಗಿದು ಹಿಡಿದಿರುವುದರಿಂದ ಹೆಡ್ಡು ಬಾಗದೆ ಬೇರೆ ದಾರಿಯಿಲ್ಲ. ಒಂದು ಕೂದಲೆಳೆಯಷ್ಟು ಬಾಗಿದರೂ ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ. ನೀರು, ಆಯಿಲ್, ಹೊಗೆ ಒಂದರ ಜಾಗಕ್ಕೆ ಇನ್ನೊಂದು ನುಗ್ಗುತ್ತದೆ.

ಮುಳ್ಳು ಯಾಕೆ ಇಳಿಯಿತು? ಅದಕ್ಕೆ ಸುದ್ದಿ ಕೊಡುವ ಗುಂಡಿ ನೀರಿನಲ್ಲಿ ಮುಳುಗಿರಬೇಕು. ನೀರು ಪೂರ್ತಿ ಹೋದ ಮೇಲೆ ಅದು ಬರೀ ಉಗಿಯಲ್ಲೋ ಗಾಳಿಯಲ್ಲೋ ಇದ್ದು ಕಡಿಮೆ ಬಿಸಿ ತೋರಿಸುತ್ತದೆ. ಕೆಂಪು ಮುಟ್ಟಿದ ಮುಳ್ಳು ಗಾಡಿ ಓಡುತ್ತಿರುವಾಗಲೇ ಸರ್ರನೆ ಇಳಿದರೆ ಅದನ್ನು ಅಪಾಯದ ಎರಡನೇ ಗಂಟೆ ಎಂದೇ ತಿಳಿಯಬೇಕು.

ಮೊದಲ ಐದು ನಿಮಿಷ

ಒಂದು: ನಿಲ್ಲಿಸಿ. ಮುಳ್ಳು ಮಾಮೂಲಿಗಿಂತ ಮೇಲೇರಿ ಇನ್ನೂ ಕೆಂಪಿಗೆ ಮುಟ್ಟದಿದ್ದರೆ ಎ.ಸಿ. ಆರಿಸಿ, ಹೀಟರ್ ಇರುವ ಗಾಡಿಯಾದರೆ ಅದನ್ನು ಪೂರ್ತಿ ತೆರೆಯಿರಿ, ಅದೂ ಒಂದು ಸಣ್ಣ ರೇಡಿಯೇಟರೇ. ಸಮತಟ್ಟು ಜಾಗ ನೋಡಿ ನಿಂತು ಎಂಜಿನ್ ನಿಧಾನವಾಗಿ ಓಡುತ್ತಿರಲಿ. ಬರೀ ಏರಿನ ಬಿಸಿಯಾಗಿದ್ದರೆ ನಾಲ್ಕೈದು ನಿಮಿಷದಲ್ಲಿ ಇಳಿಯುತ್ತದೆ. ಮುಳ್ಳು ಕೆಂಪಿಗೆ ಮುಟ್ಟಿದರೆ, ಉಗಿ ಕಂಡರೆ, ನೀರು ಸುರಿಯುತ್ತಿದ್ದರೆ ಕೂಡಲೇ ಎಂಜಿನ್ ಆರಿಸಿ. ಆಯಿಲಿನ ಕೆಂಪು ದೀಪ ಹತ್ತಿದರೂ ಅಷ್ಟೇ. ಆಯಿಲ್ ಒತ್ತಡವಿಲ್ಲದೆ ಬೇರಿಂಗುಗಳು ಬಾಳುವುದು ಕಿಲೋಮೀಟರ್ ಲೆಕ್ಕದಲ್ಲಲ್ಲ, ನಿಮಿಷದ ಲೆಕ್ಕದಲ್ಲಿ.

ಎರಡು: ಇಳಿಜಾರಿನಲ್ಲಿ ಎಂಜಿನ್ ತಾನಾಗಿ ಆರಿಹೋದರೆ ಗಾಬರಿಯಿಂದ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ, ಸ್ಟೇರಿಂಗ್ ಲಾಕ್ ಆದೀತು. ಎಂಜಿನ್ ಇಲ್ಲದಾಗ ಪವರ್ ಸ್ಟೇರಿಂಗ್ ಕಲ್ಲಿನಂತೆ ಭಾರವಾಗುತ್ತದೆ. ಬೂಸ್ಟರ್ ಇರುವ ಬ್ರೇಕು ಎರಡು ಮೂರು ತುಳಿತಕ್ಕೆ ಮಾತ್ರ ಹಗುರವಾಗಿರುತ್ತದೆ, ಆಮೇಲೆ ಎರಡೂ ಕಾಲಿನ ಬಲ ಬೇಕು. ಆದ್ದರಿಂದ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಲ ಒತ್ತಿ ಹಿಡಿದು ಬದಿಗೆ ತನ್ನಿ.

ಮೂರು: ಚಕ್ರಕ್ಕೆ ಕಲ್ಲು ಕೊಡಿ, ಗೇರಿನಲ್ಲಿ ಬಿಡಿ, ಹಿಂದೆ ಮುಂದೆ ಸ್ವಲ್ಪ ದೂರದಲ್ಲಿ ಸೊಪ್ಪಿನ ಕೊಂಬೆಯೋ ತ್ರಿಕೋನದ ಫಲಕವೋ ಇಡಿ. ಮಂಜು ಕವಿದ ಘಾಟಿಯ ತಿರುವಿನಲ್ಲಿ ಯಾರೂ ಗಾಡಿಯೊಳಗೆ ಕೂರಬಾರದು. ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಿಂದ ಎತ್ತಿಹಾಕಿ. ನಾವು ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವನು ಬೀಳುತ್ತಾನೆ.

ನಾಲ್ಕು: ಬಾನೆಟ್ ತೆರೆದು ಕೈಕಟ್ಟಿ ಕಾಯಿರಿ. ಅರ್ಧದಿಂದ ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬೇಡಿ. ಬಿಸಿಯಾದ ಎಂಜಿನ್ ಮೇಲೆ ಹಳ್ಳದ ತಣ್ಣೀರು ಸುರಿಯುವುದಂತೂ ಮಹಾ ತಪ್ಪು, ಹೆಡ್ಡು ಸೀಳುತ್ತದೆ. ಮೇಲಿನ ಹೋಸ್ ಕೈಗೆ ಬೆಚ್ಚಗೆ ಮಾತ್ರ ಎನಿಸಿದಾಗ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ಮೊದಲ ಹಂತಕ್ಕೆ ತಿರುಗಿಸಿ, ಉಸಿರು ಹೋದ ಮೇಲೆ ತೆಗೆಯಿರಿ. ನೀರನ್ನು ನಿಧಾನವಾಗಿ ಸ್ವಲ್ಪ ಸ್ವಲ್ಪವೇ ಹಾಕಿ.

ಒಡೆದದ್ದು ಹೋಸ್ ಎಂದು ಗೊತ್ತಾದರೆ ಉಪಾಯವಿದೆ. ಒಣಗಿಸಿ ಒರೆಸಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ, ಬೈಂಡಿಂಗ್ ವಯರಿನಿಂದ ಬಿಗಿಯಿರಿ. ನೀರು ತುಂಬಿ ಮುಚ್ಚಳವನ್ನು ಮೊದಲ ಹಂತದಲ್ಲಷ್ಟೇ ಬಿಡಿ. ಒತ್ತಡ ಏರದಿದ್ದರೆ ಕಟ್ಟು ತಡೆಯುತ್ತದೆ. ಹೊರೆ ಇಳಿಸಿ, ನಿಧಾನವಾಗಿ, ಎರಡು ಕಿಲೋಮೀಟರಿಗೊಮ್ಮೆ ನಿಂತು ನೋಡುತ್ತ ಹತ್ತಿರದ ಗ್ಯಾರೇಜು ಸೇರಬಹುದು. ಆ ಸಂಜೆ ನಮ್ಮ ಜೀಪಿನ ಹಿಂಬದಿಯಲ್ಲಿ ಹಳೆಯ ಟ್ಯೂಬೂ ಇತ್ತು, ಮದ್ದು ಕಲಸುವ ಡ್ರಮ್ಮೂ ಇತ್ತು, ಪಕ್ಕದಲ್ಲೇ ಹಳ್ಳ ಹರಿಯುತ್ತಿತ್ತು.

ಥಟ್ಟನೆ ನಿಂತಿತೇ, ಕೆಮ್ಮಿ ನಿಂತಿತೇ?

ಬಿಸಿಯಾಗದೆ ನಿಂತ ಎಂಜಿನ್ನಿಗೆ ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆ ಇದು. ದೀಪ ಆರಿಸಿದಂತೆ ಥಟ್ಟನೆ ನಿಂತರೆ ಸಾಮಾನ್ಯವಾಗಿ ವಯರಿನ ದೋಷ. ಕೆಮ್ಮಿ, ಮುಗ್ಗರಿಸಿ, ಕೊಂಚ ಚೇತರಿಸಿಕೊಂಡು ಮತ್ತೆ ನಿಂತರೆ ಎಣ್ಣೆಯ ದಾರಿಯ ದೋಷ.

ವಯರಿನ ದೋಷಕ್ಕೆ ಮೊದಲು ಬ್ಯಾಟರಿಯ ಎರಡು ತುದಿ ಅಲ್ಲಾಡಿಸಿ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕೆರೆದು ಬಿಗಿಯಿರಿ. ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯನ್ನೂ ನೋಡಿ. ಬಳಿಕ ಫ್ಯೂಸುಗಳು. ರೋಟರಿ ಪಂಪಿನ ಹಳೆಯ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಆರಿಸುವ ಸೊಲೆನಾಯ್ಡಿಗೆ ಒಂದೇ ಒಂದು ವಯರು ಹೋಗುತ್ತದೆ. ಅದು ಕಳಚಿದರೆ ಎಂಜಿನ್ ಪೂರ್ತಿ ಸತ್ತಂತೆ. ಮತ್ತೆ ಸಿಕ್ಕಿಸಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತದೆ. ತೋಟದ ಮನೆಗಳಲ್ಲಿ ಇನ್ನೊಂದು ಕಾಟ ಇಲಿ. ಅಡಿಕೆ ಚೀಲದ ಪಕ್ಕ ನಿಲ್ಲಿಸಿದ ಗಾಡಿಯ ಬಿಸಿ ಎಂಜಿನ್ ಮಳೆಗಾಲದಲ್ಲಿ ಅದಕ್ಕೆ ಒಳ್ಳೆಯ ಬಿಡಾರ. ನಾಲ್ಕು ದಿನ ನಿಂತ ಗಾಡಿ ಏಳದಿದ್ದರೆ ಟಾರ್ಚ್ ಹಾಕಿ ವಯರು ಕಡಿದಿದೆಯೇ ನೋಡಿ.

ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಪೆಟ್ರೋಲ್ ಕಾರು, ವ್ಯಾನುಗಳು ಮಳೆಯಲ್ಲಿ ನಿಲ್ಲುವುದು ಹೆಚ್ಚಾಗಿ ಅದರ ಮುಚ್ಚಳದೊಳಗೆ ತೇವ ಕೂತಾಗ. ಕೀಲಿ ತೆಗೆದು, ಮುಚ್ಚಳ ಬಿಚ್ಚಿ, ಒಣ ಬಟ್ಟೆಯಿಂದ ಒರೆಸಿ ಹಾಕಿದರೆ ಸಾಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 100ಕ್ಕೆ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ತೇವವನ್ನು ಎಳೆದುಕೊಳ್ಳುವ ಗುಣದ್ದು. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಿಟ್ಟರೆ ನೀರು ಬೇರ್ಪಟ್ಟು ತಳಕ್ಕಿಳಿಯಬಹುದು. ಎಥೆನಾಲಿಗೆ ತಯಾರಾಗದ ಹಳೆಯ ಗಾಡಿಗಳ ರಬ್ಬರ್ ಕೊಳವೆಗಳೂ ಅದರಿಂದ ಬೇಗ ಹಾಳಾಗಬಹುದು. ಪೆಟ್ರೋಲ್ ವಾಸನೆ ಬಂದರೆ ಅಂದೇ ಬದಲಿಸಿ.

ಡೀಸೆಲ್ ಕೆಮ್ಮಿ ನಿಂತರೆ ಮೂರು ಅನುಮಾನ: ಫಿಲ್ಟರ್ ಕಟ್ಟಿದೆ, ನೀರು ಬೆರೆತಿದೆ, ಗಾಳಿ ಹೊಕ್ಕಿದೆ. ಪಂಪುಸೆಟ್ಟಿಗೆಂದು ಡ್ರಮ್ಮಿನಲ್ಲಿ ಡೀಸೆಲ್ ಇಟ್ಟು ಅದನ್ನೇ ಜೀಪಿಗೂ ಹಾಕುವವರು ನಮ್ಮಲ್ಲಿದ್ದಾರೆ. ಡೀಸೆಲ್ ನೀರಿಗಿಂತ ಹಗುರ. ಡ್ರಮ್ಮಿನ ಒಳಗೋಡೆಯಲ್ಲಿ ಬೆವರಿದ ನೀರು ತಳಕ್ಕೆ ಸೇರುತ್ತದೆ. ಡ್ರಮ್ಮನ್ನು ಬಗ್ಗಿಸಿ ಕಡೆಯ ಹನಿಯವರೆಗೆ ಸುರಿದರೆ ನೀರೆಲ್ಲ ಗಾಡಿಗೆ ಹೋಗುತ್ತದೆ. ಫಿಲ್ಟರಿನ ತಳದ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿಯಿರಿ. ಕೆಳಗೆ ಬೇರೆ ಪದರ ಕಂಡರೆ ಬರೀ ಡೀಸೆಲ್ ಬರುವತನಕ ಬಿಡಿ.

ಗಾಳಿ ತೆಗೆಯುವ ಕ್ರಮ ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಕಷ್ಟವಲ್ಲ. ಟ್ಯಾಂಕಿನಲ್ಲಿ ಸಾಕಷ್ಟು ಎಣ್ಣೆ ಇದೆಯೆಂದು ಖಾತ್ರಿ ಮಾಡಿ, ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ ಕೈಪಂಪು ಒತ್ತುತ್ತಿರಿ. ಮೊದಲು ನೊರೆ ಬರುತ್ತದೆ, ಗುಳ್ಳೆಯಿಲ್ಲದ ಎಣ್ಣೆ ಬಂದಾಗ ಬಿಗಿಯಿರಿ. ಪಂಪಿನ ತಿರುಪಿಗೂ ಹೀಗೆಯೇ ಮಾಡಿ. ಸೆಲ್ಫ್ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಬಿಡುವು ಕೊಡಿ.

ಒಂದು ಮಾತು ಗಮನವಿಟ್ಟು ಓದಬೇಕು. ಕಾಮನ್ ರೈಲ್ ಎಂಜಿನ್ನಿನ ಗಾಡಿಗಳಲ್ಲಿ ಇಂಜೆಕ್ಟರಿಗೆ ಹೋಗುವ ಕಬ್ಬಿಣದ ಪೈಪುಗಳನ್ನು ಹಳೆಯ ಜೀಪಿನ ಅಭ್ಯಾಸದಲ್ಲಿ ಸಡಿಲಿಸಲೇಬಾರದು. ಅವುಗಳಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ, ಅಂದರೆ ಟಯರಿನ ಗಾಳಿಯ ನಾನೂರು ಐನೂರು ಪಟ್ಟು. ಸೂಜಿಯಂತೆ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗಿಳಿಯುತ್ತದೆ. ಹೊರಗೆ ಚುಕ್ಕೆಯಷ್ಟೇ ಕಂಡರೂ ಕೈ ಕಳೆದುಕೊಳ್ಳುವ ಪ್ರಮೇಯ ಬರುತ್ತದೆ; ಹಾಗಾದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಇಂಥ ಗಾಡಿಗಳಲ್ಲಿ ನಾವು ಮುಟ್ಟಬಹುದಾದದ್ದು ಬ್ಯಾಟರಿ ತುದಿ, ಫ್ಯೂಸು, ಫಿಲ್ಟರಿನ ನೀರು ಇಷ್ಟೇ. ಉಳಿದದ್ದು ಸ್ಕ್ಯಾನರ್ ಇರುವವರ ಕೆಲಸ.

ಹಳ್ಳ ದಾಟುವಾಗ ನಿಂತರೆ

ಮಳೆಗಾಲದಲ್ಲಿ ಮುಳುಗುವ ಸೇತುವೆ, ಮೋರಿಗಳ ಮೇಲೆ ಗಾಡಿ ನಿಂತರೆ ಮತ್ತೆ ಸೆಲ್ಫ್ ಹೊಡೆಯುವುದು ಎಲ್ಲರ ಕೈ ಮಾಡುವ ಕೆಲಸ. ಅದೇ ಎಂಜಿನ್ನಿನ ಕೊನೆಯಾಗಬಹುದು. ಹಳೆಯ ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು 20ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಗಾಳಿ ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ಒಂದೆರಡು ಚಮಚೆಗಿಂತ ಹೆಚ್ಚು ನೀರಿದ್ದರೂ ಮೇಲೆ ಬರುವ ಪಿಸ್ಟನ್ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಜನ ಮೊದಲು ಇಳಿದು ದಡ ಸೇರಲಿ. ನೀರು ಇಳಿದ ಮೇಲೆ ಗಾಡಿಯನ್ನು ಎಳೆಸಿ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿ, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ನೀರು ಹೊರಹಾಕಿದ ಮೇಲಷ್ಟೇ ಎಬ್ಬಿಸಬೇಕು. ಆಯಿಲನ್ನೂ ಬದಲಿಸಬೇಕು.

ಎಂಜಿನ್ ಹುಚ್ಚೆದ್ದರೆ

ಅಪರೂಪ, ಆದರೆ ತಿಳಿದಿರಲಿ. ಸವೆದ ಡೀಸೆಲ್ ಎಂಜಿನ್ ತನ್ನದೇ ಆಯಿಲನ್ನು ಎಳೆದುಕೊಂಡು ಸುಡತೊಡಗಿದರೆ ಕೀಲಿ ತೆಗೆದರೂ ಆರುವುದಿಲ್ಲ, ಸದ್ದು ಏರುತ್ತಲೇ ಹೋಗುತ್ತದೆ. ಟರ್ಬೋ ಸೀಲು ಹೋದಾಗ, ಆಯಿಲ್ ಗುರುತಿಗಿಂತ ಹೆಚ್ಚು ಹಾಕಿದಾಗ, ಹಳೆಯ ಜೀಪುಗಳ ಎಣ್ಣೆ ಬಟ್ಟಲಿನ ಏರ್ ಕ್ಲೀನರಿಗೆ ಮಿತಿಮೀರಿ ಆಯಿಲ್ ಸುರಿದಾಗ ಹೀಗಾಗಬಹುದು. ಕೂಡಲೇ ಬ್ರೇಕ್ ಬಲವಾಗಿ ಒತ್ತಿ ಹಿಡಿದು, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಿ. ಆಗದಿದ್ದರೆ ದೂರ ಸರಿಯಿರಿ. ಗಾಳಿಯ ಬಾಯಿಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬೇಡಿ, ಒಳಗೆಳೆದುಕೊಳ್ಳುತ್ತದೆ.

ಮುಂಚೆಯೇ ಸಿಗುವ ಸೂಚನೆ

ಹೊಗೆ ನೋಡಿ ಅರ್ಧ ರೋಗ ಹೇಳಬಹುದು. ಕಪ್ಪು ಹೊಗೆಯೆಂದರೆ ಗಾಳಿ ಕಡಿಮೆ, ಎಣ್ಣೆ ಹೆಚ್ಚು; ಮೊದಲು ಏರ್ ಫಿಲ್ಟರ್ ನೋಡಿ. ನೀಲಿ ಹೊಗೆಯೆಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ದಿನದಿನ ಇಳಿಯುತ್ತಿದ್ದರೆ ಗ್ಯಾಸ್ಕೆಟ್ಟಿನ ಅನುಮಾನ. ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಎಬ್ಬಿಸಿ. ಗುಳ್ಳೆ ಬಿಡದೆ ಬರುತ್ತಿದ್ದರೆ ಆ ಅನುಮಾನ ಬಲವಾಯಿತು. ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಮುಟ್ಟಲೇಬೇಡಿ. ಮಳೆಗಾಲದಲ್ಲಿ ಬರೀ ಒಂದೆರಡು ಕಿಲೋಮೀಟರ್ ಓಡುವ ಗಾಡಿಯ ಆಯಿಲ್ ಮುಚ್ಚಳದ ಒಳಗಷ್ಟೇ ಕೊಂಚ ಬಿಳಿ ನೊರೆ ಕಾಣಬಹುದು. ಡಿಪ್‌ಸ್ಟಿಕ್ ಚೊಕ್ಕವಾಗಿದ್ದು ನೀರೂ ಇಳಿಯದಿದ್ದರೆ ಅದು ತೇವದ ನೊರೆ, ಹೆದರಬೇಕಾಗಿಲ್ಲ.

ಕೊಳ್ಳುವ ದಿನವೇ ಈ ಪರೀಕ್ಷೆ ಮಾಡಿ. ಮುಂಚಿತವಾಗಿ ತಿಳಿಸದೆ ಬೆಳಿಗ್ಗೆ ಹೋಗಿ ಬಾನೆಟ್ ಮೇಲೆ ಕೈಯಿಡಿ. ಆಗಲೇ ಬೆಚ್ಚಗಿದ್ದರೆ ತಣ್ಣಗಿನ ಎಂಜಿನ್ ಏಳುವ ಕಷ್ಟವನ್ನು ನಿಮಗೆ ತೋರಿಸಲು ಮಾರುವವರಿಗೆ ಇಷ್ಟವಿಲ್ಲವೆಂದು ಅರ್ಥ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದು ನೋಡಿ. ಹೊಗೆ ಬುಸುಬುಸು ಬಂದರೆ ರಿಂಗು ಸವೆದಿದೆ. ಇಪ್ಪತ್ತು ನಿಮಿಷ ಏರು ಹತ್ತಿಸಿ, ಮುಳ್ಳು ನೋಡಿ. ನಿಮ್ಮದೇ ಮೇಸ್ತ್ರಿ ಜೊತೆಗಿರಲಿ.

ಗಾಡಿ ಮನೆಗೆ ಬಂದ ಮೊದಲ ತಿಂಗಳಲ್ಲಿ, ಹಿಂದಿನವರು ಏನು ಹೇಳಿದ್ದರೂ ಸರಿ, ಇವಿಷ್ಟನ್ನು ಬದಲಿಸಿಬಿಡಿ: ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಡೀಸೆಲ್ ಫಿಲ್ಟರ್, ಫ್ಯಾನ್ ಬೆಲ್ಟ್, ರೇಡಿಯೇಟರಿನ ಎಲ್ಲ ಹೋಸ್ ಮತ್ತು ಮುಚ್ಚಳ, ಕೂಲೆಂಟ್. ಟೈಮಿಂಗ್ ಬೆಲ್ಟಿನ ಎಂಜಿನ್ನಾಗಿದ್ದು ಅದನ್ನು ಬದಲಿಸಿದ ದಾಖಲೆ ಇಲ್ಲದಿದ್ದರೆ ಅದನ್ನೂ ಬದಲಿಸಿ. ಅದು ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ಬರೀ ಹಳ್ಳದ ನೀರು ಹಾಕಿ ಓಡಿಸಬೇಡಿ. ತುಕ್ಕು, ಕೆಸರು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟುತ್ತವೆ.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಹೆಡ್ಡು ಬಿಚ್ಚಬೇಕೆಂದರೆ ಮೊದಲು ಅಂದಾಜು ಪಟ್ಟಿಯನ್ನು ಬರೆಸಿಕೊಳ್ಳಿ. ಬಿಚ್ಚಿದ ಹೆಡ್ಡನ್ನು ಸರಳುಪಟ್ಟಿ ಇಟ್ಟು ಅಳೆದು ತೋರಿಸಲು ಹೇಳಿ. ಬಿರುಕಿದೆಯೇ ಎಂದು ಒತ್ತಡ ಹಾಕಿ ಪರೀಕ್ಷಿಸಿದ ಮೇಲಷ್ಟೇ ಲೇತಿನವರಲ್ಲಿ ಮಟ್ಟ ಮಾಡಿಸಬೇಕು. ಬಿರುಕಿನ ಹೆಡ್ಡನ್ನು ಮಟ್ಟ ಮಾಡಿಸಿ ಕೂರಿಸಿದರೆ ಹಣ ಎರಡು ಸಲ ಹೋಗುತ್ತದೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ಹೇಳಿದ ಕ್ರಮದಲ್ಲೇ ಬಿಗಿಯಬೇಕು. ಒಂದೇ ಸಲ ಬಳಸುವ ಬೋಲ್ಟಾದರೆ ಹೊಸದೇ ಬೇಕು. "ಥರ್ಮೋಸ್ಟಾಟ್ ತೆಗೆದುಬಿಡೋಣ, ಬಿಸಿಯೇ ಆಗಲ್ಲ" ಎಂದು ಸಲಹೆ ಬರುತ್ತದೆ. ಒಪ್ಪಬೇಡಿ. ನಮ್ಮ ಚಳಿಯಲ್ಲಿ ಎಂಜಿನ್ ಸದಾ ತಣ್ಣಗೇ ಓಡಿ ಎಣ್ಣೆ ಹೆಚ್ಚು ಕುಡಿದು ಬೇಗ ಸವೆಯುತ್ತದೆ. ಮೂಲ ಕಾರಣ ಯಾವುದೆಂದು ಕೇಳಿ. ಗ್ಯಾಸ್ಕೆಟ್ ಸುಟ್ಟದ್ದು ಪರಿಣಾಮ, ಕಾರಣವಲ್ಲ. ಬದಲಿಸಿದ ಹಳೆಯ ಸಾಮಾನುಗಳನ್ನು ಮನೆಗೆ ತನ್ನಿ.

ಗಾಡಿಯಲ್ಲಿ ಸದಾ ಇರಬೇಕಾದದ್ದು: ಹತ್ತು ಲೀಟರ್ ನೀರು, ಒಂದು ಲೀಟರ್ ಆಯಿಲ್, ಒಂದು ಫ್ಯಾನ್ ಬೆಲ್ಟ್, ಒಂದು ಜೊತೆ ಹೋಸ್ ಮತ್ತು ಕ್ಲಿಪ್ಪು, ಸೈಕಲ್ ಟ್ಯೂಬಿನ ಪಟ್ಟಿ, ಬೈಂಡಿಂಗ್ ವಯರು, ಫ್ಯೂಸು, ಇನ್ಸುಲೇಷನ್ ಟೇಪು, ಸ್ಪ್ಯಾನರ್, ಟಾರ್ಚ್, ಹಗ್ಗ, ಚಕ್ರಕ್ಕೆ ಕೊಡುವ ಮರದ ಆಪು. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದೆಂದು ನಂಬಿ ಹೊರಡಬೇಡಿ.

ಒಡೆದ ಆ ಹೋಸನ್ನು ನಾವು ಎಸೆದಿಲ್ಲ. ಕೊಟ್ಟಿಗೆಯ ಗೋಡೆಯ ಮೊಳೆಗೆ, ದೋಟಿಯ ಪಕ್ಕದಲ್ಲಿ ತೂಗುಹಾಕಿದ್ದೇವೆ. ಮೇ ತಿಂಗಳು ಬಂದಾಗ, ಮದ್ದಿನ ಪಂಪು ತೊಳೆದು ವಾಷರ್ ಬದಲಿಸುವ ದಿನವೇ ಜೀಪಿನ ಬಾನೆಟನ್ನೂ ಎತ್ತುವುದು ಈಗ ನಮ್ಮ ಮನೆಯ ಪದ್ಧತಿ. ಸದಸ್ಯರಲ್ಲಿ ಬೇರೆ ಬಗೆಯ ಅನುಭವವಾದವರು ಬರೆದು ಕಳಿಸಿದರೆ ಉಳಿದವರಿಗೂ ಉಪಕಾರವಾದೀತು.